ಪಾರ್ಕಿಂಗ್ ದಂಡ, ಪರ್ಮಿಟ್ ಕೆಲಸ ಗುತ್ತಿಗೆಗೆ ಕೊಡುತ್ತೀರಾ? ಸಹಿ ಹಾಕುವ ಮುನ್ನ ಒಂದೊಂದಾಗಿ ನೋಡಿಕೊಳ್ಳಿ

ರಸ್ತೆಬದಿ ಪಾರ್ಕಿಂಗ್ ನೋಡಿಕೊಳ್ಳುವುದು ಹೊರಗಿನಿಂದ ಕಾಣುವಷ್ಟು ಚಿಕ್ಕ ಕೆಲಸ ಅಲ್ಲ. ಗಸ್ತು ತಿರುಗಬೇಕು, ದಂಡದ ಚೀಟಿ ಕೊಡಬೇಕು, ದುಡ್ಡು ವಸೂಲಿ ಮಾಡಬೇಕು. ನಿವಾಸಿಗಳಿಗೆ ತಮ್ಮ ಬೀದಿಯಲ್ಲಿ ಗಾಡಿ ನಿಲ್ಲಿಸುವ ಪರ್ಮಿಟ್ ಕೊಡಬೇಕು, ವರ್ಷ ವರ್ಷ ಅದನ್ನು ನವೀಕರಿಸಬೇಕು. ಸಿಟ್ಟಾದವರ ಫೋನ್ ಬೇರೆ ಎತ್ತಬೇಕು. ಹಾಗಾಗಿ ಒಂದಲ್ಲ ಒಂದು ಸಭೆಯಲ್ಲಿ ಯಾರಾದರೂ ‘ಇದನ್ನೆಲ್ಲ ಗುತ್ತಿಗೆಗೆ ಕೊಟ್ಟುಬಿಡೋಣ’ ಅಂದೇ ಅನ್ನುತ್ತಾರೆ.

ಕೊಡಬಹುದು, ತಪ್ಪೇನಿಲ್ಲ. ಎಷ್ಟೋ ನಗರಗಳು ಕೊಟ್ಟಿವೆ. ಕೆಲವು ನಗರಗಳಲ್ಲಿ ಕೆಲಸ ಸುಸೂತ್ರವಾಗಿ ನಡೆದಿದೆ, ಕೆಲವು ಕೈ ಸುಟ್ಟುಕೊಂಡಿವೆ. ನನ್ನ ಪ್ರಕಾರ ಇದರಲ್ಲಿ ಕಂಪನಿ ಒಳ್ಳೆಯದೋ ಕೆಟ್ಟದೋ ಅನ್ನುವುದರ ಪಾಲು ಕಡಿಮೆ. ಒಪ್ಪಂದದಲ್ಲಿ ದುಡ್ಡು ಯಾವುದಕ್ಕೆ ಕೊಡುತ್ತೇವೆ ಅಂತ ಬರೆದಿದ್ದೀರಿ, ಯಾವ ಅಧಿಕಾರವನ್ನು ನಿಮ್ಮಲ್ಲೇ ಉಳಿಸಿಕೊಂಡಿದ್ದೀರಿ, ಇವೆರಡರ ಪಾಲೇ ಜಾಸ್ತಿ.

ಟೆಂಡರ್ ಬರೆಯುವ ಅಧಿಕಾರಿಗಳು ಮತ್ತು ಅದಕ್ಕೆ ಕೈ ಎತ್ತುವ ಸದಸ್ಯರಿಗಾಗಿ ಇದನ್ನು ಬರೆದಿದ್ದೇನೆ. ತಮ್ಮ ಬೀದಿ ಗುತ್ತಿಗೆಗೆ ಹೋಗುತ್ತಿದೆ ಅಂತ ಗೊತ್ತಾದ ನಿವಾಸಿಗಳು ಏನು ಕೇಳಬೇಕು ಅನ್ನುವುದೂ ಇದರಲ್ಲೇ ಸಿಗುತ್ತದೆ.

1. ಮೊದಲು ನಿಮ್ಮ ಲೆಕ್ಕ ನೀವು ಮಾಡಿ

ಯಾವ ಬೀದಿಯಲ್ಲಿ ಎಷ್ಟು ಗಾಡಿಗೆ ಜಾಗ ಇದೆ? ಯಾವ ಹೊತ್ತಿನಲ್ಲಿ ಎಷ್ಟು ತುಂಬಿರುತ್ತದೆ? ಎಷ್ಟು ಪರ್ಮಿಟ್ ಚಾಲ್ತಿಯಲ್ಲಿವೆ? ಕಳೆದ ವರ್ಷ ಕೊಟ್ಟ ದಂಡದ ಚೀಟಿ ಎಷ್ಟು, ದುಡ್ಡು ಬಂದದ್ದು ಎಷ್ಟಕ್ಕೆ, ತಕರಾರು ಬಂದದ್ದು ಎಷ್ಟಕ್ಕೆ, ರದ್ದಾದದ್ದು ಎಷ್ಟು? ಟೆಂಡರ್ ಕರೆಯುವ ಹೊತ್ತಿಗೆ ಈ ಅಂಕಿಗಳು ನಿಮ್ಮ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಕಂಪನಿಯವರು ತಮ್ಮ ಲೆಕ್ಕ ತಂದು ಮುಂದಿಡುತ್ತಾರೆ. ಅದು ಸರಿಯೋ ತಪ್ಪೋ ಹೇಳಲು ನಿಮಗೆ ಯಾವ ದಾರಿಯೂ ಇರುವುದಿಲ್ಲ.

ಎಣಿಕೆಗೆ ದುಬಾರಿ ಸಮೀಕ್ಷೆ ಬೇಡ. ಕೆಲಸದ ದಿನ, ರಜೆಯ ದಿನ ಎರಡರಲ್ಲೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬೀದಿಯಲ್ಲಿ ನಡೆದು ನಂಬರ್ ಪ್ಲೇಟಿನ ಕೊನೆಯ ಅಂಕಿಗಳನ್ನು ಬರೆದುಕೊಂಡರೆ ಸಾಕು. ಎಷ್ಟು ತುಂಬಿದೆ ಅನ್ನುವುದರ ಜೊತೆಗೆ ಯಾವ ಗಾಡಿ ದಿನವಿಡೀ ಕದಲಲಿಲ್ಲ ಅನ್ನುವುದೂ ಗೊತ್ತಾಗುತ್ತದೆ. ಪಾರ್ಕಿಂಗ್ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಶೇ. 85ರಷ್ಟು ತುಂಬಿರುವುದನ್ನು ಒಂದು ಒಳ್ಳೆಯ ಗುರಿ ಅನ್ನುತ್ತಿದ್ದರು. ಅಂದರೆ ಪ್ರತಿ ಬೀದಿಯಲ್ಲೂ ಒಂದೆರಡು ಜಾಗ ಖಾಲಿ ಸಿಗಬೇಕು. ಗುತ್ತಿಗೆಯ ಫಲಿತಾಂಶ ಅಳೆಯಲು ದಂಡದ ಮೊತ್ತಕ್ಕಿಂತ ಇದು ಎಷ್ಟೋ ಮೇಲು.

ಇದೇ ಹಂತದಲ್ಲಿ ಬೋರ್ಡು, ಬಣ್ಣದ ಗೆರೆ ಎಲ್ಲ ಸರಿಮಾಡಿಸಿ. ಮರದ ಕೊಂಬೆ ಮುಚ್ಚಿದ ಬೋರ್ಡು, ಅಳಿಸಿಹೋದ ಗೆರೆ ಇರುವ ಕಡೆ ಹಾಕಿದ ದಂಡ ಮೇಲ್ಮನವಿಯಲ್ಲಿ ಉಳಿಯುವುದು ಕಷ್ಟ. ಇನ್ನು ಮುಂದೆ ಬೋರ್ಡು ನೋಡಿಕೊಳ್ಳುವವರು ಯಾರು ಅಂತ ಒಪ್ಪಂದದಲ್ಲಿ ಬರೆಯದಿದ್ದರೆ, ಪಾಲಿಕೆ ಕಂಪನಿಯತ್ತ ಕೈ ತೋರಿಸುತ್ತದೆ, ಕಂಪನಿ ಪಾಲಿಕೆಯತ್ತ ತೋರಿಸುತ್ತದೆ. ಬೋರ್ಡು ಅಲ್ಲೇ ವಾಲಿಕೊಂಡಿರುತ್ತದೆ.

2. ಹೊರಗೆ ಏನು ಹೋಗಬೇಕು, ಒಳಗೆ ಏನು ಉಳಿಯಬೇಕು

ಕಾನೂನು ಸಲಹೆಗಾರರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು: ನಮ್ಮಲ್ಲಿ ಪಾರ್ಕಿಂಗ್ ದಂಡ ಹಾಕುವ ಅಧಿಕಾರ ಯಾರಿಗಿದೆ? ಕೆಲವು ದೇಶಗಳಲ್ಲಿ ಅದು ಪೊಲೀಸರ ಕೈಯಲ್ಲೇ ಇದೆ. ಹಾಗಿದ್ದಲ್ಲಿ ಖಾಸಗಿ ನೌಕರ ಫೋಟೋ ತೆಗೆದು ವರದಿ ಕೊಡಬಹುದು, ದಂಡ ಹಾಕುವಂತಿಲ್ಲ. ಇದನ್ನು ನೋಡದೆ ಟೆಂಡರ್ ಕರೆದರೆ ಮುಂದೆ ಕೋರ್ಟಿನಲ್ಲಿ ಒಂದೇ ಏಟಿಗೆ ಸಾವಿರಾರು ಚೀಟಿ ಬಿದ್ದುಹೋಗಬಹುದು.

ಅಧಿಕಾರ ಕೊಡಲು ಸಾಧ್ಯ ಇದೆ ಅಂತಿಟ್ಟುಕೊಳ್ಳಿ. ಆಗ ಗಸ್ತು, ಯಂತ್ರಗಳ ನಿರ್ವಹಣೆ, ಪಾವತಿ ಆ್ಯಪ್, ಕಾಲ್ ಸೆಂಟರ್, ಪರ್ಮಿಟ್ ಅರ್ಜಿಗಳ ಮೊದಲ ಪರಿಶೀಲನೆ, ನೋಟಿಸ್ ಕಳಿಸುವುದು ಇವೆಲ್ಲ ಹೊರಗೆ ಹೋಗಬಹುದು. ದರ, ನಿಯಮ, ವಿನಾಯಿತಿ, ಯಾವ ಬೀದಿಗೆ ಪರ್ಮಿಟ್ ಬೇಕು ಅನ್ನುವ ತೀರ್ಮಾನ, ಎಲ್ಲಕ್ಕಿಂತ ಮುಖ್ಯವಾಗಿ ತಕರಾರಿನ ಮೇಲಿನ ನಿರ್ಧಾರ, ಇವು ಪಾಲಿಕೆಯಲ್ಲೇ ಇರಬೇಕು.

ತಕರಾರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ದಂಡ ಹಾಕಿದವನೇ ದಂಡ ಸರಿಯೋ ತಪ್ಪೋ ಅಂತ ತೀರ್ಮಾನ ಮಾಡಿದರೆ ಜನ ನಂಬುತ್ತಾರಾ? ಇಂಗ್ಲೆಂಡಿನಲ್ಲಿ ಗಸ್ತಿನ ಕೆಲಸವನ್ನು ಖಾಸಗಿಯವರಿಗೆ ಕೊಟ್ಟಿರುವ, ಪಾಲಿಕೆಯಂಥ ಸ್ಥಳೀಯ ಕೌನ್ಸಿಲ್‌ಗಳು ಬಹಳ. ಆದರೆ ಔಪಚಾರಿಕ ತಕರಾರನ್ನು ಕೌನ್ಸಿಲ್ಲೇ ನೋಡಬೇಕು. ಅದೂ ಒಪ್ಪಿಗೆಯಾಗದಿದ್ದರೆ ಗಾಡಿಯ ಮಾಲೀಕ ಸ್ವತಂತ್ರ ನ್ಯಾಯಮಂಡಳಿಗೆ ಹೋಗಬಹುದು. ನಿಮ್ಮಲ್ಲಿ ನ್ಯಾಯಮಂಡಳಿ ಇಲ್ಲದಿದ್ದರೂ ಪಾಲಿಕೆಯ ಇಬ್ಬರು ಮೂವರು ನೌಕರರನ್ನು ಈ ಒಂದೇ ಕೆಲಸಕ್ಕೆ ಇಡಿ. ಅವರ ಸಂಬಳಕ್ಕೂ ದಂಡದ ಮೊತ್ತಕ್ಕೂ ಸಂಬಂಧ ಇರಬಾರದು.

3. ದುಡ್ಡು ಯಾವುದಕ್ಕೆ ಕೊಡುತ್ತೀರಿ?

ಇಲ್ಲಿ ನಿಧಾನ ಮಾಡಿ. ಉಳಿದ ಷರತ್ತುಗಳನ್ನು ಎಷ್ಟೇ ಚೆನ್ನಾಗಿ ಬರೆದರೂ ಪಾವತಿಯ ಷರತ್ತು ಎಳೆದ ಕಡೆಗೇ ಕಂಪನಿ ಹೋಗುತ್ತದೆ.

ಒಂದು, ಚೀಟಿಗೆ ಇಷ್ಟು ಅಂತ ಕೊಡುವುದು. ಇದು ಬೇಡವೇ ಬೇಡ. ಪರ್ಮಿಟ್ ಮುಗಿದು ಅರ್ಧ ಗಂಟೆಯಾದ ಮುದುಕಿಯ ಕಾರಿಗೂ ಚೀಟಿ ಬೀಳುತ್ತದೆ. ಆಂಬುಲೆನ್ಸ್ ದಾರಿಗೆ ಅಡ್ಡ ನಿಂತ ಲಾರಿಯ ಹತ್ತಿರ ಯಾರೂ ಹೋಗುವುದಿಲ್ಲ, ಯಾಕೆಂದರೆ ಅಲ್ಲಿ ಜಗಳ ಆಗುತ್ತದೆ. ದುಡ್ಡು ಎರಡಕ್ಕೂ ಅಷ್ಟೇ. ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿಯೂ ಚೀಟಿಯ ಸಂಖ್ಯೆಯನ್ನು ಗುರಿಯಾಗಿ ಇಡಬೇಡಿ, ಅದಕ್ಕೆ ಬಹುಮಾನ ಕೊಡಬೇಡಿ ಅಂತ ಸ್ಪಷ್ಟವಾಗಿ ಹೇಳುತ್ತದೆ.

ಎರಡು, ತಪಾಸಣೆಗೆ ಗುರಿ ಇಡುವುದು. ಕೇಳಲು ಚೆನ್ನಾಗಿದೆ. ಪ್ಯಾರಿಸ್‌ನಲ್ಲಿ ಏನಾಯಿತು ನೋಡಿ. 2018ರ ಜನವರಿ 1ರಿಂದ ಫ್ರಾನ್ಸ್‌ನಲ್ಲಿ ನಿಯಮ ಬದಲಾಯಿತು. ಅಲ್ಲಿಯವರೆಗೆ ದೇಶಕ್ಕೆಲ್ಲ ಒಂದೇ 17 ಯೂರೋ ದಂಡ ಇತ್ತು. ಆಮೇಲೆ ಮೊತ್ತ ನಿಗದಿ ಮಾಡುವುದು ಆಯಾ ನಗರದ ಪಾಲಿಗೆ ಬಂತು. ಪ್ಯಾರಿಸ್ ನಡುಭಾಗಕ್ಕೆ 50 ಯೂರೋ, ಹೊರಭಾಗಕ್ಕೆ 35 ಯೂರೋ ಇಟ್ಟು, ಗಸ್ತನ್ನು ಖಾಸಗಿ ಕಂಪನಿಗಳಿಗೆ ವಹಿಸಿತು. ದಿನಕ್ಕೆ ಇಷ್ಟು ಗಾಡಿ ತಪಾಸಣೆ ಆಗಲೇಬೇಕು ಅಂತ ಗುರಿ ಇತ್ತು. ಕೆಲವೇ ತಿಂಗಳಲ್ಲಿ ಒಂದು ಕಂಪನಿಯ ಬಣ್ಣ ಬಯಲಾಯಿತು. ಅದರ ನೌಕರರು ಗಾಡಿಯ ಹತ್ತಿರ ಹೋಗದೆಯೇ ಸುಮ್ನೆ ನಂಬರ್‌ಗಳನ್ನು ಯಂತ್ರಕ್ಕೆ ಹಾಕಿ ಲೆಕ್ಕ ತುಂಬಿಸುತ್ತಿದ್ದರು.

ಮೂರು, ಒಟ್ಟು ಮೊತ್ತ ಮುಂಗಡವಾಗಿ ತೆಗೆದುಕೊಂಡು ದಶಕಗಳ ಆದಾಯ ಬರೆದುಕೊಡುವುದು. ಇದಕ್ಕೆ ಶಿಕಾಗೋ ನಗರಕ್ಕಿಂತ ದೊಡ್ಡ ಪಾಠ ಬೇಡ. 2008ರ ಡಿಸೆಂಬರ್‌ನಲ್ಲಿ ಆ ನಗರ ಗಾಡಿ ನಿಲ್ಲಿಸಲು ದುಡ್ಡು ಹಾಕುವ ಸುಮಾರು 36,000 ಪಾರ್ಕಿಂಗ್ ಮೀಟರ್‌ಗಳನ್ನು 75 ವರ್ಷಕ್ಕೆ ಗುತ್ತಿಗೆ ಕೊಟ್ಟು ಸುಮಾರು 115 ಕೋಟಿ ಡಾಲರ್ ತೆಗೆದುಕೊಂಡಿತು. ನಗರ ಸಭೆಯ ಸದಸ್ಯರಿಗೆ ಒಪ್ಪಂದ ಓದಲು ಸಿಕ್ಕಿದ್ದು ಕೆಲವೇ ದಿನ. ಮರುವರ್ಷ ಆ ನಗರದ್ದೇ ತನಿಖಾಧಿಕಾರಿ ಲೆಕ್ಕ ಹಾಕಿ, ಕಡಿಮೆ ಅಂದರೂ 97.4 ಕೋಟಿ ಡಾಲರ್ ಕಡಿಮೆಗೆ ಕೊಟ್ಟಿದ್ದೀರಿ ಅಂತ ವರದಿ ಕೊಟ್ಟರು. ಬಂದ ದುಡ್ಡಿನ ಬಹುಪಾಲು ಕೆಲವೇ ವರ್ಷಗಳಲ್ಲಿ ಬಜೆಟ್ ತೂತು ಮುಚ್ಚಲು ಖರ್ಚಾಗಿಹೋಯಿತು.

ಅದಕ್ಕಿಂತ ಜಾಸ್ತಿ ನೋಯಿಸುವುದು ಇನ್ನೊಂದು ಷರತ್ತು. ಮೆರವಣಿಗೆಗೋ ರಸ್ತೆ ರಿಪೇರಿಗೋ ಮೀಟರ್ ಇರುವ ಜಾಗವನ್ನು ಮಿತಿ ಮೀರಿ ಮುಚ್ಚಿದರೆ ನಗರವೇ ಕಂಪನಿಗೆ ಪರಿಹಾರ ಕೊಡಬೇಕು. ಅಂದರೆ ಸೈಕಲ್ ದಾರಿ ಮಾಡಬೇಕು, ಬಸ್ಸಿಗೆ ಜಾಗ ಬಿಡಬೇಕು ಅಂತ ನಗರಕ್ಕೆ ಅನಿಸಿದರೂ ಮೊದಲು ಇದರ ಲೆಕ್ಕ ಹಾಕಬೇಕು. ನಿಮ್ಮ ಕರಡಿನಲ್ಲಿ ‘ಜಾಗ ಕಡಿಮೆಯಾದರೆ ಪರಿಹಾರ’ ಅನ್ನುವ ಮಾತು ಯಾವ ರೂಪದಲ್ಲಿ ಕಂಡರೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ. ಬೀದಿಯನ್ನು ಬದಲಿಸುವ ಹಕ್ಕಿಗೆ ಬೆಲೆ ಕಟ್ಟಬಾರದು.

ನಾಲ್ಕು, ಕೆಲಸಕ್ಕೆ ನಿಗದಿತ ಮೊತ್ತ. ಇಷ್ಟು ಜನ, ಇಷ್ಟು ಗಂಟೆ, ಈ ಬೀದಿಗಳು ಅಂತ ಗೊತ್ತು ಮಾಡಿ ತಿಂಗಳಿಗೆ ಇಷ್ಟು ಕೊಡುವುದು. ಅದರಲ್ಲಿ ಒಂದು ಪಾಲನ್ನು ಗುಣಮಟ್ಟಕ್ಕೆ ಕಟ್ಟಿಹಾಕುವುದು. ಮೇಲ್ಮನವಿಯಲ್ಲಿ ರದ್ದಾದ ಚೀಟಿ ಶೇಕಡಾ ಎಷ್ಟು, ಪರ್ಮಿಟ್ ಅರ್ಜಿ ಎಷ್ಟು ದಿನದಲ್ಲಿ ಮುಗಿಯಿತು, ಫೋನ್ ಎಷ್ಟು ಹೊತ್ತಿಗೆ ಎತ್ತಿದರು, ಯಂತ್ರ ಕೆಟ್ಟರೆ ಎಷ್ಟು ಗಂಟೆಯಲ್ಲಿ ಸರಿಮಾಡಿದರು, ಇಂಥವು. ನನ್ನ ಮತ ಇದಕ್ಕೇ. ಪಾಲಿಕೆಗೆ ಆದಾಯ ಕಡಿಮೆಯಾದರೂ ಖರ್ಚು ತಪ್ಪುವುದಿಲ್ಲ ಅನ್ನುವ ಆಕ್ಷೇಪ ಬರುತ್ತದೆ. ಹೌದು, ತಪ್ಪುವುದಿಲ್ಲ. ಆದರೆ ಎಲ್ಲರೂ ನಿಯಮ ಪಾಲಿಸಿ ದಂಡವೇ ಬರದಿದ್ದರೆ ಅದು ಯೋಜನೆ ಗೆದ್ದ ಹಾಗೆ ಅಲ್ವಾ? ಅದನ್ನು ನಷ್ಟದ ಪಟ್ಟಿಗೆ ಸೇರಿಸುವ ಒಪ್ಪಂದವೇ ತಪ್ಪು.

ಯಾವ ಮಾದರಿ ಆರಿಸಿಕೊಂಡರೂ ದಂಡ, ಶುಲ್ಕ, ಪರ್ಮಿಟ್ ಹಣ ಎಲ್ಲ ನೇರ ಪಾಲಿಕೆಯ ಖಾತೆಗೇ ಬೀಳಲಿ. ಕಂಪನಿ ಬಿಲ್ ಕೊಟ್ಟು ದುಡ್ಡು ತೆಗೆದುಕೊಳ್ಳಲಿ. ಮೊದಲು ಅವರ ಖಾತೆಗೆ ಹೋಗಿ, ಅವರ ಪಾಲು ಕಳೆದು, ಉಳಿದದ್ದು ನಿಮಗೆ ಬರುವ ವ್ಯವಸ್ಥೆಯಲ್ಲಿ ಲೆಕ್ಕ ಹಿಡಿಯುವುದರೊಳಗೆ ವರ್ಷ ಕಳೆದಿರುತ್ತದೆ.

4. ಒಂದು ಚೀಟಿಯ ಜೊತೆ ಏನೇನು ಇರಬೇಕು

ಒಪ್ಪಂದದ ಅನುಬಂಧದಲ್ಲಿ ಇದನ್ನು ಬಿಡಿಬಿಡಿಯಾಗಿ ಬರೆಯಿರಿ. ಗಾಡಿಯ ನಂಬರ್ ಪ್ಲೇಟು ಕಾಣುವ ಫೋಟೋ, ಗಾಡಿ ನಿಂತ ಜಾಗ ಮತ್ತು ಹತ್ತಿರದ ಬೋರ್ಡು ಒಟ್ಟಿಗೆ ಕಾಣುವ ಫೋಟೋ, ಗಾಜಿನ ಒಳಗೆ ಇಟ್ಟ ಕಾರ್ಡು ಅಥವಾ ಖಾಲಿ ಡ್ಯಾಶ್‌ಬೋರ್ಡಿನ ಫೋಟೋ. ಮೊದಲು ನೋಡಿದ ಸಮಯ, ಚೀಟಿ ಕೊಟ್ಟ ಸಮಯ, ಜಿಪಿಎಸ್ ಗುರುತು, ನೌಕರನ ಸಂಖ್ಯೆ. ಫೋಟೋ ಇಲ್ಲದ ಚೀಟಿ ತನ್ನಷ್ಟಕ್ಕೆ ರದ್ದು ಅಂತ ಬರೆದುಬಿಡಿ. ವಾದವೇ ಬೇಡ.

ಗಡುವು ಮೀರಿದ ತಕ್ಷಣ ಚೀಟಿ ಬರೆಯದೆ ಸ್ವಲ್ಪ ಹೊತ್ತು ಬಿಡುವುದನ್ನೂ ಸೇರಿಸಿ. ಇಂಗ್ಲೆಂಡಿನಲ್ಲಿ 2015ರಿಂದ ಸಮಯ ಮುಗಿದ ಮೇಲೆ 10 ನಿಮಿಷ ಬಿಡಬೇಕು ಅಂತ ನಿಯಮ ಇದೆ. ಇದಕ್ಕೆ ಔದಾರ್ಯವೊಂದೇ ಕಾರಣ ಅಲ್ಲ, ತಾಂತ್ರಿಕ ಕಾರಣವೂ ಇದೆ. ಚಾಲಕ 10:02ಕ್ಕೆ ಆ್ಯಪ್‌ನಲ್ಲಿ ದುಡ್ಡು ಕಟ್ಟುತ್ತಾನೆ. ನೌಕರನ ಕೈಯಲ್ಲಿರುವ ಯಂತ್ರಕ್ಕೆ ಕೊನೆಯ ಸಲ ಮಾಹಿತಿ ಬಂದದ್ದು 10:00ಕ್ಕೆ. 10:03ಕ್ಕೆ ನೋಡಿದರೆ ಆ ಗಾಡಿ ದುಡ್ಡು ಕಟ್ಟಿಲ್ಲ. ಚಾಲಕನದೂ ತಪ್ಪಿಲ್ಲ, ನೌಕರನದೂ ಇಲ್ಲ, ಚೀಟಿ ಮಾತ್ರ ಬಿದ್ದಿದೆ. ಯಂತ್ರಕ್ಕೆ ಎಷ್ಟು ನಿಮಿಷಕ್ಕೊಮ್ಮೆ ಹೊಸ ಮಾಹಿತಿ ಬರಬೇಕು, ನೆಟ್‌ವರ್ಕ್ ಇಲ್ಲದಿದ್ದರೆ ಏನು ಮಾಡಬೇಕು ಅನ್ನುವುದನ್ನು ತಾಂತ್ರಿಕ ಷರತ್ತಿನಲ್ಲಿ ಬರೆಯದಿದ್ದರೆ ಇಂಥ ತಕರಾರು ದಿನಾ ಬರುತ್ತವೆ.

ಕ್ಯಾಮೆರಾ ಕೂರಿಸಿದ ಕಾರಿನಲ್ಲಿ ಬೀದಿ ಸುತ್ತಿ ಪ್ಲೇಟು ಓದುವ ಪದ್ಧತಿಯೂ ಈಗ ಬಂದಿದೆ. ಆಮ್‌ಸ್ಟರ್‌ಡ್ಯಾಮ್ ಇದನ್ನು ದೊಡ್ಡ ಮಟ್ಟದಲ್ಲಿ ಬಳಸುತ್ತದೆ. ವೇಗಕ್ಕೆ ಇದರ ಸರಿಸಮ ಇಲ್ಲ. ಆದರೆ ಕ್ಯಾಮೆರಾ 8ನ್ನು ಬಿ ಅಂತ, ಸೊನ್ನೆಯನ್ನು ಓ ಅಂತ ಓದಿಬಿಡಬಹುದು. ಸಾಮಾನು ಇಳಿಸುತ್ತಿರುವವರು, ವೀಲ್‌ಚೇರ್ ತೆಗೆಯುತ್ತಿರುವವರು ಅದರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಪ್ರತಿ ಚೀಟಿಯನ್ನೂ ಕಳಿಸುವ ಮೊದಲು ಒಬ್ಬ ಮನುಷ್ಯ ಕಣ್ಣಿಂದ ನೋಡಲೇಬೇಕು ಅಂತ ಇಡಿ. ಬೇಗ ಕಟ್ಟಿದವರಿಗೆ ರಿಯಾಯಿತಿ ಕೊಡುವುದೂ ಒಳ್ಳೆಯ ಅಭ್ಯಾಸ. ಇಂಗ್ಲೆಂಡಿನಲ್ಲಿ 14 ದಿನದೊಳಗೆ ಕಟ್ಟಿದರೆ ಅರ್ಧ. ಆದರೆ ಆ ಅವಧಿಯಲ್ಲೇ ತಕರಾರು ಕೊಟ್ಟವರ ರಿಯಾಯಿತಿ ಕಿತ್ತುಕೊಳ್ಳಬೇಡಿ. ಹಾಗೆ ಮಾಡಿದರೆ ತಪ್ಪು ಚೀಟಿ ಬಿದ್ದವರೂ ಹೆದರಿ ದುಡ್ಡು ಕಟ್ಟಿಬಿಡುತ್ತಾರೆ.

5. ಪರ್ಮಿಟ್: ತಲೆನೋವು ನಿಜವಾಗಿ ಇರುವುದು ಇಲ್ಲಿ

ಎಲ್ಲರ ಗಮನ ದಂಡದ ಮೇಲೆ ಇರುತ್ತದೆ. ಆದರೆ ನಿವಾಸಿಗಳು ವರ್ಷ ಪೂರ್ತಿ ವ್ಯವಹರಿಸುವುದು ಪರ್ಮಿಟ್ ಕೌಂಟರಿನ ಜೊತೆ. ಸ್ಯಾನ್ ಫ್ರಾನ್ಸಿಸ್ಕೋ 1976ರಲ್ಲೇ ನಿವಾಸಿ ಪರ್ಮಿಟ್ ಶುರು ಮಾಡಿತು. ಕಲ್ಪನೆ ಹಳೆಯದು, ಆದರೂ ಹೊಸ ನಗರಗಳು ಅದೇ ಹಳೆಯ ಗುಂಡಿಗಳಿಗೇ ಬೀಳುತ್ತವೆ.

ನಿಯಮ ಬರೆಯುವಾಗ ಎಲ್ಲರೂ ಸ್ವಂತ ಮನೆ, ಸ್ವಂತ ಕಾರು ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ಅರ್ಜಿ ಹಾಕಲು ಬರುವವರು ಬೇರೆ. ಬಾಡಿಗೆ ಮನೆಯವರ ಹೆಸರಿನಲ್ಲಿ ಯಾವ ಬಿಲ್ಲೂ ಬರುವುದಿಲ್ಲ. ಒಬ್ಬರ ಕಾರು ಕಚೇರಿಯ ಹೆಸರಿನಲ್ಲಿರುತ್ತದೆ. ಇನ್ನೊಬ್ಬರ ಕಾರು ಗ್ಯಾರೇಜಿಗೆ ಹೋಗಿ ಒಂದು ವಾರಕ್ಕೆ ಬೇರೆ ಗಾಡಿ ಸಿಕ್ಕಿರುತ್ತದೆ. ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳಲು ದಿನಾ ಬರುವ ಮಗಳು ಬೇರೆ ಬಡಾವಣೆಯವಳು. ಮನೆ ರಿಪೇರಿಗೆ ಬಂದ ಪ್ಲಂಬರ್ ಗಾಡಿಯಲ್ಲೇ ಸಾಮಾನು ಇಟ್ಟಿರುತ್ತಾನೆ. ಇವರಿಗೆಲ್ಲ ಏನು ದಾಖಲೆ, ಎಷ್ಟು ದಿನದ ಪರ್ಮಿಟ್, ಯಾರು ತೀರ್ಮಾನ ಮಾಡಬೇಕು ಅಂತ ಪಾಲಿಕೆ ಮೊದಲೇ ಬರೆದುಕೊಡಬೇಕು. ಕೊಡದಿದ್ದರೆ ಕಾಲ್ ಸೆಂಟರಿನ ಹುಡುಗ ‘ಸಿಸ್ಟಮ್ ತಗೊಳ್ತಿಲ್ಲ ಸರ್’ ಅಂದು ಫೋನ್ ಇಡುತ್ತಾನೆ.

ಬೀದಿಯಲ್ಲಿ ಇರುವ ಜಾಗಕ್ಕಿಂತ ಪರ್ಮಿಟ್ ಎಷ್ಟು ಜಾಸ್ತಿ ಕೊಡಬಹುದು ಅನ್ನುವುದಕ್ಕೂ ಮಿತಿ ಬೇಕು. ಎಲ್ಲರೂ ಒಂದೇ ಹೊತ್ತಿಗೆ ಮನೆಯಲ್ಲಿರುವುದಿಲ್ಲ, ಹಾಗಾಗಿ ಸ್ವಲ್ಪ ಜಾಸ್ತಿ ಕೊಟ್ಟರೆ ನಡೆಯುತ್ತದೆ. ಆದರೆ ಪರ್ಮಿಟ್‌ಗೆ ಇಷ್ಟು ಅಂತ ಕಂಪನಿಗೆ ದುಡ್ಡು ಕೊಡುತ್ತಿದ್ದರೆ ಆ ಮಿತಿ ಉಳಿಯುವುದಿಲ್ಲ. ದುಡ್ಡು ಕಟ್ಟಿಯೂ ಜಾಗ ಸಿಗದವರು ನಿಮ್ಮ ಬಾಗಿಲಿಗೆ ಬರುತ್ತಾರೆ. ರಾತ್ರಿ ಎಣಿಕೆಯ ಅಂಕಿ ನೋಡಿ ಬೀದಿವಾರು ಮಿತಿ ಇಡಿ. ಒಂದು ಮನೆಗೆ ಎರಡನೇ ಪರ್ಮಿಟ್‌ಗೆ ದರ ಜಾಸ್ತಿ ಇಡುವುದೂ ಒಂದು ದಾರಿ.

ಅಂಟಿಸುವ ಸ್ಟಿಕ್ಕರ್ ಬೇಕೋ, ನಂಬರ್ ಪ್ಲೇಟೇ ಪರ್ಮಿಟ್ ಆಗಬೇಕೋ? ಎರಡನೆಯದು ಅಗ್ಗ, ನಕಲು ಮಾಡಲು ಆಗುವುದಿಲ್ಲ. ಆದರೆ ಪಕ್ಕದ ಮನೆಯವರಿಗೆ ಆ ಗಾಡಿ ನಮ್ಮ ಬೀದಿಯದೋ ಹೊರಗಿನದೋ ಗೊತ್ತಾಗುವುದಿಲ್ಲ, ಅನುಮಾನದ ಫೋನ್ ಜಾಸ್ತಿಯಾಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಕೌಂಟರ್ ಉಳಿಸಲೇಬೇಕು.

ಇನ್ನೊಂದು ಸಣ್ಣ ವಿಷಯ: ಎಲ್ಲ ಪರ್ಮಿಟ್‌ಗಳ ಅವಧಿ ಒಂದೇ ದಿನ ಮುಗಿಯುವಂತೆ ಇಡಬೇಡಿ. ಆ ವಾರ ವೆಬ್‌ಸೈಟ್ ಮಲಗುತ್ತದೆ, ಸಾಲು ರಸ್ತೆಗೆ ಬರುತ್ತದೆ, ಅದೇ ವಾರ ಗಸ್ತಿನವರು ಚೀಟಿ ಹಾಕುತ್ತಲೇ ಇರುತ್ತಾರೆ. ಅರ್ಜಿ ಹಾಕಿದ ತಾರೀಖಿನಿಂದ ಒಂದು ವರ್ಷ ಅಂತ ಇಟ್ಟರೆ ಕೆಲಸ ವರ್ಷವಿಡೀ ಹಂಚಿಹೋಗುತ್ತದೆ. ಸಮಯಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರಿಗೆ ಹಳೆಯ ಪರ್ಮಿಟ್ ತಾನಾಗಿ ಮುಂದುವರಿಯಬೇಕು.

6. ಮಾಹಿತಿ ಯಾರದು?

ಯಾವ ಗಾಡಿ ಯಾವ ಹೊತ್ತಿನಲ್ಲಿ ಎಲ್ಲಿ ನಿಂತಿತ್ತು ಅನ್ನುವುದು ಒಬ್ಬ ಮನುಷ್ಯನ ಬದುಕಿನ ನಕ್ಷೆಯೇ. ಆಸ್ಪತ್ರೆ, ಪೂಜಾಸ್ಥಳ, ಸ್ನೇಹಿತರ ಮನೆ ಎಲ್ಲ ಅದರಲ್ಲಿ ಬರುತ್ತದೆ. ಅದು ಪಾಲಿಕೆಯ ಸ್ವತ್ತು, ಕಂಪನಿ ಬೇರೆ ಯಾವ ಕೆಲಸಕ್ಕೂ ಬಳಸುವಂತಿಲ್ಲ, ಮಾರುವಂತಿಲ್ಲ ಅಂತ ಬರೆಯಿರಿ. ನಿಯಮ ಮುರಿಯದ ಗಾಡಿಗಳ ಪ್ಲೇಟು ಓದಿದ ದಾಖಲೆ ಬೇಗ ಅಳಿಸಿಹೋಗಬೇಕು. ತಿಂಗಳಿಗೊಮ್ಮೆ ಪೂರ್ತಿ ಮಾಹಿತಿಯ ಪ್ರತಿ ಸಾಮಾನ್ಯ ಸ್ಪ್ರೆಡ್‌ಶೀಟಿನಲ್ಲಿ ತೆರೆಯುವ ರೂಪದಲ್ಲಿ ನಿಮ್ಮ ಕೈಗೆ ಬರಬೇಕು. ಮೊದಲ ತಿಂಗಳೇ ಕೇಳಿ ತರಿಸಿ ನೋಡಿ. ಆಗ ಕೊಡಲು ತಡಮಾಡುವವರು ಗುತ್ತಿಗೆ ಮುಗಿಯುವಾಗ ಕೊಟ್ಟಾರೆಯೇ?

7. ಆಯ್ಕೆ

ಕಡಿಮೆ ಬಿಡ್ ಹಾಕಿದವರಿಗೇ ಕೊಡುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಈ ಕೆಲಸದ ಖರ್ಚಿನ ಬಹುಪಾಲು ಸಂಬಳ. ಬಿಡ್ ಕಡಿಮೆ ಅಂದರೆ ಸಂಬಳ ಕಡಿಮೆ, ಅಂದರೆ ತಿಂಗಳಿಗೊಬ್ಬ ಹೊಸ ನೌಕರ. ಬೀದಿಯಲ್ಲಿ ದಿನಾ ಬೈಗುಳ ತಿನ್ನುವ ಕೆಲಸ ಇದು. ಕನಿಷ್ಠ ಸಂಬಳ, ತರಬೇತಿಯ ದಿನಗಳು, ಸಮವಸ್ತ್ರ, ಹಲ್ಲೆಯಾದರೆ ನೆರವು ಇವನ್ನು ಟೆಂಡರಿನಲ್ಲೇ ಹಾಕಿ. ಆಗ ಕಂಪನಿಗಳು ಇದರಲ್ಲಿ ಪೈಸೆ ಉಳಿಸಿ ಗೆಲ್ಲಲು ಆಗುವುದಿಲ್ಲ.

ಪ್ರಾತ್ಯಕ್ಷಿಕೆಯನ್ನು ಕಾನ್ಫರೆನ್ಸ್ ಹಾಲಿನಲ್ಲಿ ನೋಡಬೇಡಿ. ಕೊನೆಯ ಸುತ್ತಿಗೆ ಉಳಿದ ಎರಡು ಮೂರು ಕಂಪನಿಯವರನ್ನು ಒಂದು ನಿಜವಾದ ಬೀದಿಗೆ ಕರೆದುಕೊಂಡು ಹೋಗಿ, ಮಬ್ಬುಗತ್ತಲಲ್ಲಿ, ಮಣ್ಣು ಮೆತ್ತಿದ ಪ್ಲೇಟುಗಳನ್ನು ಓದಿಸಿ. ಪರ್ಮಿಟ್ ಆ್ಯಪ್ ಅನ್ನು ನಿಮ್ಮ ಕಚೇರಿಯ ಹಿರಿಯ ಗುಮಾಸ್ತರ ಕೈಗೆ ಕೊಟ್ಟು ಅರ್ಜಿ ಹಾಕಲು ಹೇಳಿ.

8. ಶುರುವಿನ ತಿಂಗಳುಗಳು

ಮೊದಲ ಕೆಲವು ವಾರ ದಂಡ ಬೇಡ, ಎಚ್ಚರಿಕೆಯ ಚೀಟಿ ಸಾಕು. ಹಳೆಯ ಪರ್ಮಿಟ್ ಪಟ್ಟಿಯನ್ನು ಹೊಸ ವ್ಯವಸ್ಥೆಗೆ ಹಾಕುವಾಗ ಒಂದೇ ಗಾಡಿ ಎರಡು ಸಲ ಬಂದಿರುವುದು, ಊರು ಬಿಟ್ಟವರ ಹೆಸರು, ಪ್ಲೇಟಿನ ನಡುವಿನ ಖಾಲಿ ಜಾಗದಿಂದ ಹೊಂದಿಕೆಯಾಗದ ನಂಬರ್ ಎಲ್ಲ ಹೊರಬರುತ್ತವೆ. ದಂಡ ಶುರುವಾಗುವ ಮುಂಚೆಯೇ ಇವು ಸಿಕ್ಕಬೇಕು. ಹಳೆಯ ಬಾಕಿ ದಂಡ ಯಾರು ವಸೂಲಿ ಮಾಡಬೇಕು ಅನ್ನುವುದನ್ನೂ ಆಗಲೇ ಇತ್ಯರ್ಥ ಮಾಡಿಕೊಳ್ಳಿ.

9. ಮೇಲ್ವಿಚಾರಣೆ

ಗುತ್ತಿಗೆ ಕೊಟ್ಟ ಮೇಲೆ ಪಾರ್ಕಿಂಗ್ ವಿಭಾಗವನ್ನೇ ಮುಚ್ಚುವ ನಗರಗಳಿವೆ. ಆಮೇಲೆ ಕಂಪನಿಯ ವರದಿ ಓದಿ ಅರ್ಥ ಮಾಡಿಕೊಳ್ಳುವವರೇ ಉಳಿಯುವುದಿಲ್ಲ. ಕಡಿಮೆ ಅಂದರೂ ಬೀದಿ ಗೊತ್ತಿರುವ ಒಬ್ಬರು, ಲೆಕ್ಕ ಗೊತ್ತಿರುವ ಒಬ್ಬರು ಪಾಲಿಕೆಯಲ್ಲಿ ಇರಬೇಕು.

ಅವರು ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಗಸ್ತಿನ ದಾಖಲೆಯಲ್ಲಿ ಯಾವುದಾದರೂ ಒಂದು ದಿನ ತೆಗೆದು ನೋಡಲಿ. ಒಬ್ಬ ನೌಕರ ಒಂದು ಬೀದಿಯಲ್ಲಿ 40 ಗಾಡಿ ತಪಾಸಣೆ ಮಾಡಿದ್ದಾನೆ, ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ 2 ನಿಮಿಷ. ಅಂದರೆ ಗಾಡಿಗೆ 3 ಸೆಕೆಂಡು. ನಡೆದುಕೊಂಡು ಹೋಗುವವನಿಗೆ ಇದು ಸಾಧ್ಯವೇ? ಜಿಪಿಎಸ್ ಗುರುತು ಎಲ್ಲವೂ ಒಂದೇ ಮೂಲೆಯಲ್ಲಿದ್ದರಂತೂ ಕೇಳುವುದೇ ಬೇಡ. ತಮ್ಮ ಗಾಡಿಯೊಂದನ್ನು ಬೇಕಂತಲೇ ನಿಷೇಧದ ಜಾಗದಲ್ಲಿ ನಿಲ್ಲಿಸಿ ಎಷ್ಟು ಹೊತ್ತಿಗೆ ಚೀಟಿ ಬೀಳುತ್ತದೆ ನೋಡುವುದೂ ಒಳ್ಳೆಯ ಪರೀಕ್ಷೆ. ಮೇಲ್ಮನವಿಯಲ್ಲಿ ಒಬ್ಬನೇ ನೌಕರನ ಚೀಟಿಗಳು ಮತ್ತೆ ಮತ್ತೆ ರದ್ದಾಗುತ್ತಿದ್ದರೆ ಅವನಿಗೆ ತರಬೇತಿ ಬೇಕು. ಒಂದೇ ಬೀದಿಯ ಚೀಟಿಗಳು ರದ್ದಾಗುತ್ತಿದ್ದರೆ ಅಲ್ಲಿಯ ಬೋರ್ಡು ಸರಿಯಿಲ್ಲ. ಈ ಅಂಕಿಗಳನ್ನು ಮೂರು ತಿಂಗಳಿಗೊಮ್ಮೆ ಜನರ ಮುಂದೆ ಇಡಿ.

10. ಹೊರಬರುವ ದಾರಿ

ಗುತ್ತಿಗೆಯ ಅವಧಿ ಯಂತ್ರಗಳ ಆಯುಷ್ಯಕ್ಕಿಂತ ಉದ್ದ ಇರಬಾರದು. ಐದು ವರ್ಷ, ಕೆಲಸ ಚೆನ್ನಾಗಿದ್ದರೆ ಇನ್ನೆರಡು ವರ್ಷ ಅನ್ನುವುದು ನ್ಯಾಯ. ಉದ್ದದ ಒಪ್ಪಂದ ಮಾಡಲೇಬೇಕಾದರೆ ನಡುವೆ ಬಾಗಿಲು ಇಟ್ಟುಕೊಳ್ಳಿ. ಅಮೆರಿಕದ ಇಂಡಿಯಾನಾಪೊಲಿಸ್ ನಗರ 2010ರಲ್ಲಿ 50 ವರ್ಷದ ಪಾರ್ಕಿಂಗ್ ಒಪ್ಪಂದ ಮಾಡಿದರೂ ಪ್ರತಿ 10 ವರ್ಷಕ್ಕೊಮ್ಮೆ ಹೊರಬರುವ ಅವಕಾಶ ಉಳಿಸಿಕೊಂಡಿತು.

ಕೊನೆಯ ಆರು ತಿಂಗಳಿಗೆ ಬೇರೆಯೇ ಅನುಬಂಧ ಬರೆಯಿರಿ. ಆ್ಯಪ್ ಹೆಸರು, ವೆಬ್ ವಿಳಾಸ, ಸಹಾಯವಾಣಿ ಸಂಖ್ಯೆ ಮೊದಲ ದಿನದಿಂದಲೇ ಪಾಲಿಕೆಯ ಹೆಸರಿನಲ್ಲಿ ಇರಬೇಕು. ಇಲ್ಲದಿದ್ದರೆ ಜನರಿಗೆ ಬಾಯಿಪಾಠವಾದ ಸಂಖ್ಯೆ ಕಂಪನಿಯ ಜೊತೆಗೇ ಹೋಗುತ್ತದೆ. ಪರ್ಮಿಟ್ ಪಟ್ಟಿ, ಚೀಟಿಗಳ ಫೋಟೋ, ನಡೆಯುತ್ತಿರುವ ತಕರಾರುಗಳ ಕಡತ ಯಾವ ತಾರೀಖಿಗೆ ಹಸ್ತಾಂತರ ಆಗಬೇಕು, ಯಂತ್ರಗಳು ಯಾರಿಗೆ ಉಳಿಯುತ್ತವೆ, ಗಸ್ತಿನ ನೌಕರರನ್ನು ಹೊಸ ಕಂಪನಿ ತೆಗೆದುಕೊಳ್ಳಬೇಕೋ ಇಲ್ಲವೋ ಅನ್ನುವುದೂ ಅದರಲ್ಲಿರಲಿ. ಹಳೆಯ ಕಂಪನಿ ಕೊನೆಯ ದಿನ ಹಾಕಿದ ಚೀಟಿಗೆ ಮೂರು ತಿಂಗಳ ನಂತರ ಮೇಲ್ಮನವಿ ಬಂದರೆ ಫೋಟೋ ಕೊಟ್ಟು ಉತ್ತರ ಹೇಳುವವರು ಯಾರು ಅಂತಲೂ ಬರೆಯಿರಿ. ಅಲ್ಲಿಯವರೆಗೆ ಅವರ ಠೇವಣಿ ಹಿಂದಿರುಗಿಸಬೇಡಿ.